ಅಜ್ಜ ಬಿಟ್ಟುಹೋದ ಚಾಸಿಸ್, ಮೊಮ್ಮಗ ಕಟ್ಟುವ ಹಾಟ್ ರಾಡ್: ಇಷ್ಟೊಂದು ತಕರಾರು ಬಂದದ್ದು ಎಲ್ಲಿಂದ?

ಅಮೆರಿಕದಲ್ಲಿ ಅಜ್ಜನೋ ದೊಡ್ಡಪ್ಪನೋ ತೀರಿಕೊಂಡ ಮೇಲೆ ಗ್ಯಾರೇಜ್ ಖಾಲಿ ಮಾಡುವಾಗ ಹಳೇ ಫೋರ್ಡ್ ಚಾಸಿಸ್ ಒಂದು ಸಿಗುವುದು ತೀರಾ ಅಪರೂಪವೇನಲ್ಲ. ಬಾಡಿ ಇರುವುದಿಲ್ಲ, ಎಂಜಿನ್ ಇರುವುದಿಲ್ಲ. ಗೋಡೆಗೆ ಒರಗಿಸಿಟ್ಟ ಎರಡು ಉದ್ದದ ಉಕ್ಕಿನ ಚಾನೆಲ್, ನಡುವೆ ಅಡ್ಡಪಟ್ಟಿಗಳು, ಮೇಲೆಲ್ಲ ತುಕ್ಕು. ಇದನ್ನೇ ಇಟ್ಟುಕೊಂಡು ಹಳೇ ಪದ್ಧತಿಯ ಹಾಟ್ ರಾಡ್ ಕಟ್ಟುತ್ತೇನೆ ಅಂತ ಮೊಮ್ಮಗ ಹೊರಟರೆ ಎರಡು ಪ್ರಶ್ನೆ ಎದುರಾಗುತ್ತವೆ. ಹಳೇ ಪದ್ಧತಿ ಅಂದರೆ ಯಾವ ವರ್ಷದ್ದು? ಕಟ್ಟಿ ಮುಗಿಸಿದ ಮೇಲೆ ಸರ್ಕಾರದ ಲೆಕ್ಕದಲ್ಲಿ ಅದು ಯಾವ ಕಾರು? ಎರಡಕ್ಕೂ ಒಬ್ಬೊಬ್ಬರದು ಒಂದೊಂದು ಉತ್ತರ, ಒಂದೊಂದು ರಾಜ್ಯದ್ದು ಒಂದೊಂದು ಕಾನೂನು.

ಹಾಟ್ ರಾಡ್ ಅಂದರೆ ಹಳೇ ಕಾರಿನ ಭಾರ ಇಳಿಸಿ, ಎಂಜಿನ್‌ನ ಬಲ ಏರಿಸಿ, ವೇಗಕ್ಕೋಸ್ಕರ ಮತ್ತೆ ಕಟ್ಟಿದ ಕಾರು. ಮಡ್‌ಗಾರ್ಡ್ ಇಲ್ಲ, ಬಂಪರ್ ಇಲ್ಲ, ಎಷ್ಟೋ ಸಲ ಬಾನೆಟ್ಟೂ ಇಲ್ಲ. ಇದಕ್ಕೆ ಫೋರ್ಡೇ ಯಾಕೆ ಅಂದರೆ ಅದು ಅಗ್ಗವಾಗಿತ್ತು, ಎಲ್ಲೆಂದರಲ್ಲಿ ಸಿಗುತ್ತಿತ್ತು. 1908ರಿಂದ 1927ರವರೆಗೆ ಮಾಡೆಲ್ ಟಿ ಒಂದೂವರೆ ಕೋಟಿ ತಯಾರಾಯಿತು. ಅದರ ಬೆನ್ನಿಗೇ ಬಂದ ಮಾಡೆಲ್ ಎ ಸುಮಾರು ನಾಲ್ಕು ವರ್ಷದಲ್ಲೇ 50 ಲಕ್ಷದ ಹತ್ತಿರ ಮುಟ್ಟಿತು. 1932ರಲ್ಲಿ ಫೋರ್ಡ್ ಸಾಮಾನ್ಯ ಜನರ ಕಾರಿಗೂ ವಿ8 ಎಂಜಿನ್, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್ ಹಾಕಿತು. ಗಾತ್ರ 221 ಘನ ಅಂಗುಲ, ಬಲ 65 ಅಶ್ವಶಕ್ತಿ. ಮಾಡೆಲ್ ಎ ಎಂಜಿನ್‌ಗೆ ಇದ್ದದ್ದು 40 ಅಶ್ವಶಕ್ತಿ. ಕೆಲವೇ ವರ್ಷದಲ್ಲಿ ಈ ಕಾರುಗಳು ಗುಜರಿ ಸೇರಿದವು. ಅಲ್ಲಿಂದ ಹುಡುಗರ ಕೈಗೆ ಬಂದವು.

ಲಾಸ್ ಏಂಜಲೀಸ್ ಸುತ್ತಮುತ್ತಲಿನ ಹುಡುಗರಿಗೆ ಇನ್ನೊಂದು ಅನುಕೂಲ ಇತ್ತು. ಹತ್ತಿರದ ಮೊಹಾವಿ ಮರುಭೂಮಿಯಲ್ಲಿ ಒಣಗಿದ ಕೆರೆಗಳಿದ್ದವು. ಮೈಲಿಗಟ್ಟಲೆ ಸಪಾಟಾದ ಗಟ್ಟಿ ನೆಲ. ಮ್ಯೂರಾಕ್ ಅನ್ನುವ ಕೆರೆಯ ಅಂಗಳದಲ್ಲಿ ಗಡಿಯಾರ ಹಿಡಿದು ಓಡಿಸುವುದು ಶುರುವಾಯಿತು. 1937ರಲ್ಲಿ ಅಲ್ಲಿನ ಕ್ಲಬ್‌ಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಆಮೇಲೆ ಯುದ್ಧ ಬಂತು. 1942ರ ಫೆಬ್ರವರಿಯಲ್ಲಿ ಜನರಿಗೆ ಕಾರು ತಯಾರಿಸುವುದೇ ನಿಂತಿತು. ಹಳೇ ಕಬ್ಬಿಣ ಎಷ್ಟೋ ಯುದ್ಧಕ್ಕೆ ಕರಗಿತು. ಮ್ಯೂರಾಕ್ ಸೇನೆಯ ಪಾಲಾಯಿತು. ಇವತ್ತಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ.

ಇವತ್ತಿನ ವಾದದಲ್ಲಿ ಯಾರು ಏನೇ ಹೇಳಲಿ, ಸಾಕ್ಷಿಗೆ ಕರೆಯುವುದು 1945ರಿಂದ 1953ರ ನಡುವಿನ ದಿನಗಳನ್ನೇ. ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಯುದ್ಧ ಮುಗಿಸಿ ಬಂದ ಹುಡುಗರಲ್ಲಿ ಎಷ್ಟೋ ಮಂದಿ ಸೇನೆಯಲ್ಲಿ ವೆಲ್ಡಿಂಗ್, ಲೇತ್ ಕೆಲಸ, ಎಂಜಿನ್ ಬಿಚ್ಚುವುದು ಕಲಿತು ಬಂದಿದ್ದರು. ಸೇನೆಗೆ ಬೇಡವಾದ ಸಾಮಾನು ಅಗ್ಗಕ್ಕೆ ಸಿಗುತ್ತಿತ್ತು. ಯುದ್ಧವಿಮಾನದ ಸೀಟು ಕಾರಿಗೆ ಬಂತು. ಬಿಲ್ ಬರ್ಕ್ ಅನ್ನುವವರು 1946ರಲ್ಲಿ ವಿಮಾನದ ಹೊಟ್ಟೆಯಡಿ ನೇತುಹಾಕುವ ಇಂಧನ ಟ್ಯಾಂಕಿಗೇ ಚಕ್ರ ಹಚ್ಚಿ ಓಡಿಸಿದರು. ಆದರೆ ಬಹುಪಾಲು ಹುಡುಗರ ಕೈಯಲ್ಲಿದ್ದದ್ದು ಒಂದು ಮಾಡೆಲ್ ಎ ಚಾಸಿಸ್ ಮಾತ್ರ.

ಆ ಚಾಸಿಸ್ ಎಷ್ಟು ಸರಳ ಅಂದರೆ ನೋಡಿದವರಿಗೆ ಆಶ್ಚರ್ಯ ಆಗುತ್ತದೆ. ಎರಡು ಸಿ-ಚಾನೆಲ್, ಮೂರು ಅಡ್ಡಪಟ್ಟಿ, ಎಲ್ಲ ರಿವೆಟ್ ಹೊಡೆದು ಜೋಡಿಸಿದ್ದು. ಕೆಟ್ಟ ರಸ್ತೆಯಲ್ಲಿ ಅದು ಸ್ವಲ್ಪ ತಿರುಚಿಕೊಳ್ಳಲಿ ಅಂತಲೇ ಹಾಗೆ ಮಾಡಿದ್ದರು. 40 ಅಶ್ವಶಕ್ತಿಗೆ ಅದು ಸಾಕಿತ್ತು. ಅಲ್ಲಿಗೆ ವಿ8 ಕೂರಿಸಿದರೆ ಮೊದಲು ಅಡ್ಡ ಬರುವುದು ನಡುವಿನ ಅಡ್ಡಪಟ್ಟಿ, ಗೇರ್ ಬಾಕ್ಸ್‌ಗೆ ಜಾಗ ಇರುವುದಿಲ್ಲ. ಗ್ಯಾಸ್ ಕಟರ್ ಹಿಡಿದು ಕೊಯ್ದು ತೆಗೆಯುತ್ತಿದ್ದರು. ತೆಗೆದ ಮೇಲೆ ಚಾಸಿಸ್ ಇನ್ನಷ್ಟು ಸಡಿಲ. ಕೆಲವರು ಚಾನೆಲ್‌ನ ತೆರೆದ ಬದಿಗೆ ಪಟ್ಟಿ ಬೆಸೆದು ಪೆಟ್ಟಿಗೆ ಮಾಡಿದರು. ಕೆಲವರು ಹಾಗೇ ಓಡಿಸಿದರು.

ದುಡ್ಡು ಇದ್ದವರು, ಇಲ್ಲವೇ ಗುಜರಿಯವನ ಪರಿಚಯ ಇದ್ದವರು 1932ರ ಚಾಸಿಸ್ ಹುಡುಕಿ ಅದರ ಮೇಲೆ ಮಾಡೆಲ್ ಎ ಬಾಡಿ ಇಟ್ಟರು. ಅದು ಹೆಚ್ಚು ಗಟ್ಟಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 106 ಅಂಗುಲ, ಮಾಡೆಲ್ ಎಗಿಂತ ಎರಡೂವರೆ ಅಂಗುಲ ಜಾಸ್ತಿ. ಇನ್ನೊಂದು ಕಾರಣ ಬರೀ ಚಂದಕ್ಕೆ ಸಂಬಂಧಿಸಿದ್ದು. 1932ರ ಕಾರಿನಲ್ಲಿ ಚಾಸಿಸ್‌ನ ಪಕ್ಕ ಹೊರಗೇ ಕಾಣುತ್ತಿತ್ತು, ಅದಕ್ಕಾಗಿ ಫೋರ್ಡ್‌ನವರು ಅದರ ಮೇಲೆ ಉದ್ದಕ್ಕೂ ಒಂದು ಗೆರೆ ಒತ್ತಿದ್ದರು. ಮಡ್‌ಗಾರ್ಡ್ ಕಿತ್ತರೂ ಅದು ಬೋಳಾಗಿ ಕಾಣುವುದಿಲ್ಲ. ಇವತ್ತು ಆ ಚಾಸಿಸ್‌ಗೆ ಇರುವ ಬೆಲೆಯಲ್ಲಿ ಆ ಗೆರೆಯ ಪಾಲು ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಬೇಕು!

ಆಮೇಲೆ ಕಾರನ್ನು ನೆಲಕ್ಕೆ ಇಳಿಸುವ ಕೆಲಸ. ಮುಂದಿನ ಆಕ್ಸಲ್‌ನ ಎರಡೂ ತುದಿ ಕಾಯಿಸಿ ಎಳೆದು ಬಗ್ಗಿಸಿದರೆ ಕಾರಿನ ಮೂತಿ ಕೆಲವು ಅಂಗುಲ ಕೆಳಗೆ ಬರುತ್ತದೆ. ಅಡ್ಡಡ್ಡ ಕೂರುವ ಪಟ್ಟಿ ಸ್ಪ್ರಿಂಗ್‌ನ ಮುಖ್ಯ ಪಟ್ಟಿಯ ಕಣ್ಣನ್ನು, ಅಂದರೆ ತುದಿಯ ಸುರುಳಿಯನ್ನು, ತಿರುವಿ ಹಾಕಿದರೆ ಇನ್ನೊಂದಿಷ್ಟು. ಹಿಂದೆ ಇನ್ನೂ ಇಳಿಯಬೇಕಾದರೆ ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ ಚಾಸಿಸ್ಸನ್ನೇ ಕೊಯ್ದು, ಹಿಂಭಾಗವನ್ನು ಒಂದು ಮೆಟ್ಟಿಲು ಮೇಲೆ ಎತ್ತಿ ಬೆಸೆಯಬೇಕು. ಇದನ್ನೆಲ್ಲ ಮಾಡಿದ್ದು ಮನೆ ಹಿತ್ತಲಿನಲ್ಲಿ. ಅಳತೆಗೆ ಟೇಪು, ನೇರ ನೋಡಲು ದಾರ. ಬೆಸೆದದ್ದು ನಿಂತಿತಾ ಇಲ್ಲವಾ ಅಂತ ಗೊತ್ತಾಗುತ್ತಿದ್ದದ್ದು ಓಡಿಸಿದ ಮೇಲೆಯೇ.

ಮುಂದಿನ ಆಕ್ಸಲ್ಲನ್ನು ಜಾಗದಲ್ಲಿ ಹಿಡಿದಿಡುವ ಕವಲು ಸರಳೂ ಒಂದು ತಲೆನೋವು. ಫೋರ್ಡ್‌ನಲ್ಲಿ ಅದರ ಎರಡು ಕಾಲು ಕಾರಿನ ಮಧ್ಯದಲ್ಲಿ, ಗೇರ್ ಬಾಕ್ಸ್ ಹತ್ತಿರ ಒಂದೇ ಗುಂಡು ಕೀಲಿಗೆ ಬಂದು ಸೇರುತ್ತವೆ. ಎಂಜಿನ್ ಬದಲಾಯಿಸಿದರೆ, ಕಾರು ಇಳಿಸಿದರೆ ಆ ಕೀಲು ಅಡ್ಡ. ಸರಳನ್ನು ಸೀಳಿ ಒಂದೊಂದು ಕಾಲನ್ನು ಒಂದೊಂದು ಚಾನೆಲ್‌ಗೆ ಕಟ್ಟಿದರು. ಹಾಗೆ ಮಾಡಿದರೆ ಒಂದು ಚಕ್ರ ಗುಂಡಿಗೆ ಇಳಿದಾಗ ಆಕ್ಸಲ್ಲೇ ತಿರುಚಿಕೊಳ್ಳಬೇಕಾಗುತ್ತದೆ. ಐ ಆಕಾರದ ಹಳೇ ಆಕ್ಸಲ್ ತಡೆದುಕೊಳ್ಳುತ್ತದೆ, ಕೊಳವೆ ಆಕ್ಸಲ್ ತಡೆಯುವುದಿಲ್ಲ. ಇದನ್ನು ಬಹುತೇಕ ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಮುರಿದುಕೊಂಡವರೇ ಮುಂದಿನವರಿಗೆ ಹೇಳಿದರು.

ಬ್ರೇಕ್ ಕಥೆಯೂ ಹೀಗೇ. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರ ಮಾದರಿಯಲ್ಲಿ. ಅಲ್ಲಿವರೆಗೆ ಸರಳು ಇಲ್ಲವೇ ಕೇಬಲ್ ಎಳೆದು ನಿಲ್ಲಿಸಬೇಕಿತ್ತು. ಹಾಗಾಗಿ 1939ರ ನಂತರದ ಫೋರ್ಡ್ ಅಪಘಾತವಾಗಿ ಗುಜರಿಗೆ ಬಂತು ಅಂದರೆ ಮೊದಲು ಕಿತ್ತುಕೊಂಡು ಹೋಗುತ್ತಿದ್ದದ್ದು ಬ್ರೇಕನ್ನೇ. ಎಂಜಿನ್ ಅಂದರೆ ಎಲ್ಲರಿಗೂ ಬೇಕಾದದ್ದು ಫೋರ್ಡ್ ಕಂಪನಿಯದೇ ಮರ್ಕ್ಯುರಿ ಕಾರಿನ 239 ಘನ ಅಂಗುಲದ ವಿ8, ಅದರ ಮೇಲೆ ಪೆಟ್ರೋಲು-ಗಾಳಿ ಬೆರೆಸುವ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್ ಎರಡು, ಸಾಧ್ಯವಾದರೆ ಮೂರು. ಆ ಎಂಜಿನ್‌ನ ಹೊಗೆ ದಾರಿ ಬ್ಲಾಕ್ ಒಳಗೇ, ತಂಪು ಮಾಡುವ ನೀರಿನ ಪಕ್ಕದಲ್ಲೇ ಹಾದು ಬರುತ್ತಿತ್ತು. ಅದಕ್ಕೇ ಸುಮ್ನೆ ನಿಂತಲ್ಲೇ ಕಾದು ಕುದಿಯುತ್ತಿತ್ತು. ಇವತ್ತು ಅದೇ ಎಂಜಿನ್ ಬೇಕು ಅಂತ ಹಟ ಹಿಡಿಯುವವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಅದರ ಬಗ್ಗೆ ಏನು ಹೇಳುತ್ತಾರೆ ಅನ್ನುವುದು ಬೇರೆ ಮಾತು.

ಹಾಗಾಗಿ ಆ ದಿನಗಳ ಹಾಟ್ ರಾಡ್ ಚಾಸಿಸ್ ಒಂದು ಕೈಗೆ ಸಿಕ್ಕರೆ ಅದನ್ನು ಓದಬಹುದು. ಬೇಕಾದ್ದಕ್ಕಿಂತ ಜಾಸ್ತಿ ತೂತುಗಳು. ಕಟರ್ ಓಡಿದ ಒರಟು ಅಂಚು. ಗುಪ್ಪೆಗುಪ್ಪೆಯಾಗಿ ನಿಂತ ಆರ್ಕ್ ವೆಲ್ಡಿಂಗ್. ಬ್ರೇಕಿನ ಮಾಸ್ಟರ್ ಸಿಲಿಂಡರ್ ಕೂರಿಸಲು ಹಚ್ಚಿದ ತುಂಡು ತಗಡು. ಎಡಕ್ಕೂ ಬಲಕ್ಕೂ ಅಳತೆ ಸರಿ ಇರುವುದಿಲ್ಲ. ಇವತ್ತು ಅದನ್ನೆಲ್ಲ ತುಂಬಿ, ತಿಕ್ಕಿ, ನುಣ್ಣಗೆ ಮಾಡಿಬಿಡುವವರೇ ಜಾಸ್ತಿ. ಬಿರುಕು ಬಿಟ್ಟ ಕಡೆ ರಿಪೇರಿ ಮಾಡಲೇಬೇಕು, ಅದು ಜೀವದ ಪ್ರಶ್ನೆ. ಉಳಿದ ತೂತು ಯಾರಿಗೆ ಏನು ಮಾಡಿತ್ತು ಅಂತ ಕೇಳಬೇಕು ಅನ್ನಿಸುತ್ತದೆ.

1948ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಾಟ್ ರಾಡ್‌ಗಳ ದೊಡ್ಡ ಪ್ರದರ್ಶನ ನಡೆಯಿತು. 1949ರಲ್ಲಿ ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ವೇಗದ ವಾರ ಶುರುವಾಯಿತು. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಬಂತು. ಮುಂದಿನ ನಲವತ್ತು ವರ್ಷ ಒಂದೇ ಉಸಿರಿನಲ್ಲಿ ಹೇಳುವುದಾದರೆ: 1953ಕ್ಕೆ ಫೋರ್ಡ್‌ನ ಹಳೇ ವಿ8 ಅಮೆರಿಕದಲ್ಲಿ ನಿಂತಿತು, 1955ರಲ್ಲಿ ಷೆವರ್ಲೆಯ ಅಗ್ಗದ ಹಗುರ ವಿ8 ಬಂತು, 1960ರ ದಶಕದಲ್ಲಿ ಶೋರೂಮಿನಿಂದಲೇ ವೇಗದ ಕಾರು ಸಿಗತೊಡಗಿತು, 1970ರಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ಸೇರಿದ ಮಂದಿ ಆರಾಮಾಗಿ ಓಡಿಸುವ ಸ್ಟ್ರೀಟ್ ರಾಡ್ ಕಡೆ ವಾಲಿದರು, ಆಮೇಲೆ ಫೈಬರ್ ಬಾಡಿ, ಎಸಿ, ಫೋರ್ಡ್‌ನ ಮುಸ್ಟಾಂಗ್ 2 ಕಾರಿನ ಮುಂಭಾಗದ ಸಸ್ಪೆನ್ಷನ್, ಕೊನೆಗೆ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದ ಫಳಫಳ ಚಕ್ರ.

ಹಳೇ ಪದ್ಧತಿ ಅನ್ನುವ ಮಾತಿಗೆ ಇವತ್ತಿರುವ ತೂಕ ಬಂದದ್ದು ಇದೆಲ್ಲ ಆದ ಮೇಲೆ. ಫಳಫಳ ಸಾಕಾಗಿತ್ತು. 1990ರ ದಶಕದಲ್ಲಿ ಹೊಸ ತಲೆಮಾರು ಮತ್ತೆ ಹಳೇ ಆಕ್ಸಲ್, ಹಳೇ ಟೈರು ಹುಡುಕತೊಡಗಿತು. 1997ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಶ್ರೀಮಂತ ಕಾರು ಪ್ರದರ್ಶನ ಮೊದಲ ಸಲ ಹಾಟ್ ರಾಡ್‌ಗಳಿಗೆ ಒಂದು ವಿಭಾಗ ತೆರೆಯಿತು. ಡೋನ್ ಸ್ಪೆನ್ಸರ್ ಅವರು ದಶಕಗಳ ಹಿಂದೆ ಕಟ್ಟಿದ್ದ 1932ರ ರೋಡ್‌ಸ್ಟರ್ (ಗಟ್ಟಿ ಚಾವಣಿ ಇಲ್ಲದ ಕಾರು) ಅಲ್ಲಿ ಗೆದ್ದಿತು. ಹಿತ್ತಲಿನ ಕಾರು ಹುಲ್ಲುಹಾಸಿನ ಮೇಲೆ ನಿಂತಿತು. ಹಳೇ ಸಾಮಾನಿನ ಬೆಲೆ ಏರಿತು. ನಿಯಮಗಳೂ ಹುಟ್ಟಿದವು. ಕೆಲವರು 1953ಕ್ಕೆ ಗೆರೆ ಎಳೆಯುತ್ತಾರೆ, ಕೆಲವರು 1960ರ ದಶಕದ ನಡುವಿಗೆ. ಡಿಸ್ಕ್ ಬ್ರೇಕ್ ಹಾಕಿದರೆ ಮುಖ ತಿರುಗಿಸುವವರಿದ್ದಾರೆ. ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಹಾಕಿಕೊಂಡ ಹುಡುಗರ ಹೆಸರಿನಲ್ಲಿ, ಸಿಗದೇ ಇರುವುದನ್ನು ಹುಡುಕಿ ಹಾಕಬೇಕು ಅನ್ನುವ ನಿಯಮ. ಸ್ವಲ್ಪ ವಿಚಿತ್ರ ಅಲ್ವಾ?

ಇದೇ ಹೊತ್ತಿಗೆ ಹೊಸದಾಗಿ ತಯಾರಿಸಿದ ಉಕ್ಕಿನ ಬಾಡಿ, ಹೊಸ ಚಾಸಿಸ್ ಕೂಡ ಮಾರುಕಟ್ಟೆಗೆ ಬಂದವು. ಅಳತೆ ಕರಾರುವಾಕ್ಕು, ತುಕ್ಕಿಲ್ಲ. ಹೊಸದಾಗಿ ತಯಾರಿಸಲು ಆಗದೇ ಉಳಿದದ್ದು ಒಂದೇ, ಹಳೇ ಚಾಸಿಸ್ ಮೇಲಿನ ನಂಬರು. ಜಗಳ ಅಲ್ಲಿಂದ ಗ್ಯಾರೇಜ್ ಬಿಟ್ಟು ಕಚೇರಿಗೆ ಹೋಯಿತು.

ಇವತ್ತಿನ 17 ಅಕ್ಷರ-ಅಂಕಿಯ ವಾಹನ ಗುರುತು ಸಂಖ್ಯೆ ಅಮೆರಿಕದಲ್ಲಿ ಎಲ್ಲರಿಗೂ ಒಂದೇ ರೀತಿ ಆದದ್ದು 1981ರ ಮಾದರಿಗಳಿಂದ. ಮಾಡೆಲ್ ಎ ಕಾಲದಲ್ಲಿ ನಂಬರ್ ಹೊಡೆಯುತ್ತಿದ್ದದ್ದು ಎಂಜಿನ್‌ಗೆ. ಎಂಜಿನ್ ಚಾಸಿಸ್‌ಗೆ ಕೂತ ಮೇಲೆ ಅದೇ ನಂಬರನ್ನು ಎಡಗಡೆಯ ಚಾನೆಲ್ ಮೇಲೆ ಒತ್ತುತ್ತಿದ್ದರು. ಅದರ ಮೇಲೆ ಬಾಡಿ ಕೂರುತ್ತದೆ. ಬಾಡಿ ಎತ್ತದೆ ನಂಬರ್ ಕಾಣುವುದಿಲ್ಲ. ಹಾಗಾಗಿ ಎಷ್ಟೋ ರಾಜ್ಯಗಳು ಕಣ್ಣಿಗೆ ಕಂಡ ಎಂಜಿನ್ ನಂಬರನ್ನೇ ಮಾಲೀಕತ್ವದ ಕಾಗದದಲ್ಲಿ ಬರೆದುಕೊಂಡವು. ಎಂಜಿನ್ ಬದಲಾದಾಗ? ಹಾಟ್ ರಾಡ್ ಅಂದರೇ ಎಂಜಿನ್ ಬದಲಾಗುವುದು. ಕಾಗದದಲ್ಲಿ ಒಂದು ನಂಬರ್, ಚಾಸಿಸ್‌ನಲ್ಲಿ ಇನ್ನೊಂದು. ಅಜ್ಜ ಇರುವವರೆಗೆ ಯಾರೂ ಕೇಳಲಿಲ್ಲ. ಮೊಮ್ಮಗನ ಹೆಸರಿಗೆ ಮಾಡಿಸಲು ಹೋದಾಗ ಕೇಳುತ್ತಾರೆ.

ಕಾಗದವೇ ಇಲ್ಲದಿದ್ದರೆ ಪಾಡು ಬೇರೆ. ನ್ಯೂಯಾರ್ಕ್ ರಾಜ್ಯ 1973ಕ್ಕಿಂತ ಹಳೇ ವಾಹನಕ್ಕೆ ಮಾಲೀಕತ್ವದ ಪತ್ರವನ್ನೇ ಕೊಡುವುದಿಲ್ಲ, ನೋಂದಣಿ ಚೀಟಿಯೇ ಆಧಾರ. ವರ್ಮಾಂಟ್ ರಾಜ್ಯದಲ್ಲಿ ಬಹಳ ಕಾಲ ಹೊರಗಿನವರೂ ಅಂಚೆ ಮೂಲಕ ಹಳೇ ಕಾರಿಗೆ ನೋಂದಣಿ ಪಡೆಯಬಹುದಿತ್ತು. 2023ರಲ್ಲಿ ಆ ದಾರಿ ಮುಚ್ಚಿತು. ಕ್ಯಾಲಿಫೋರ್ನಿಯಾ 2001ರಲ್ಲಿ ಮಾಡಿದ ಕಾನೂನಿನ ಪ್ರಕಾರ ಮನೆಯಲ್ಲಿ ಕಟ್ಟಿದ ಕಾರುಗಳಲ್ಲಿ ಪ್ರತಿ ವರ್ಷ ಮೊದಲು ಬಂದ 500ಕ್ಕೆ ಹೊಗೆ ಪರೀಕ್ಷೆಯಲ್ಲಿ ವಿನಾಯಿತಿ ಇದೆ. ಕ್ಯಾನ್ಸಸ್‌ನಲ್ಲಿ 1959ರ ಷೆವರ್ಲೆ ಕಾರ್ವೆಟ್ ಕಾರೊಂದನ್ನು ಅಧಿಕಾರಿಗಳು ವಶಪಡಿಸಿಕೊಂಡರು. ದುರಸ್ತಿ ಮಾಡುವಾಗ ಗುರುತು ಸಂಖ್ಯೆಯ ತಗಡು ಬಿಚ್ಚಿ ಮತ್ತೆ ಕೂರಿಸಿದ್ದೇ ಕಾರಣ. ಕಾನೂನಿನ ಪ್ರಕಾರ ಕಾರನ್ನೇ ಪುಡಿ ಮಾಡಬೇಕಿತ್ತು. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ 2022ರಲ್ಲಿ ಕಾನೂನೇ ಬದಲಾಯಿತು. ಕಳ್ಳ ಕಾರು ಹಿಡಿಯಲು ಬರೆದ ನಿಯಮದಲ್ಲಿ ಹಳೇ ಕಾರು ಬಿಚ್ಚಿ ಜೋಡಿಸುವವರ ನೆನಪು ಯಾರಿಗೂ ಬಂದಿರಲಿಲ್ಲ, ಅಷ್ಟೇ.

ನಮ್ಮಲ್ಲಿ ಆರ್‌ಟಿಒ ಕೆಲಸಕ್ಕೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದುಕೊಂಡು ಹೋದವರಿಗೆ ಇದು ಹೊಸದಲ್ಲ. ಫೋರ್ಡ್ ಕಂಪನಿ 1926ರಿಂದಲೇ ಭಾರತದಲ್ಲಿತ್ತು, ಹಾಗಾಗಿ ಮಾಡೆಲ್ ಎ ಇಲ್ಲೂ ಇವೆ. ಆದರೆ ಅವನ್ನು ಹಾಟ್ ರಾಡ್ ಮಾಡುವ ದಾರಿ ಇಲ್ಲಿ ಬಹುತೇಕ ಮುಚ್ಚಿದೆ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ವಾಹನಕ್ಕೆ ವಿಎ ಸರಣಿಯ ನಂಬರ್ ಕೊಡುತ್ತದೆ, ಚಾಸಿಸ್, ಬಾಡಿ, ಎಂಜಿನ್ ಮೂಲದಂತೆ ಉಳಿದಿದ್ದರೆ ಮಾತ್ರ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಕಾರುಗಳನ್ನು ಇದ್ದ ಹಾಗೇ ಕಾಪಾಡಿ ಇಟ್ಟಿದ್ದಾರಲ್ಲ, ಹೆಚ್ಚುಕಡಿಮೆ ಆ ಲೆಕ್ಕ. ಅತ್ತ ಅಮೆರಿಕದಲ್ಲಿ ಬದಲಾಯಿಸುವುದೇ ಪರಂಪರೆ ಆದ್ದರಿಂದ ಎಷ್ಟು ಬದಲಾದರೂ ಅದೇ ಕಾರು ಅನ್ನುವ ಪ್ರಶ್ನೆ ಮುಗಿಯುವುದಿಲ್ಲ. ಊರ ತೇರಿನ ಗಾಲಿ ಬದಲಾದರೆ, ಅಚ್ಚು ಬದಲಾದರೆ ತೇರು ಬೇರೆ ಅಂತ ನಾವು ಹೇಳುವುದಿಲ್ಲ. ಆದರೆ ತೇರಿಗೆ ನೋಂದಣಿ ಇಲ್ಲ.

ಈಗ ಜಾಸ್ತಿ ಕಾವೇರಿರುವ ವಾದ ಇನ್ನೂ ಸೂಕ್ಷ್ಮದ್ದು. ಅಜ್ಜನ ಚಾಸಿಸ್ ಪೂರ್ತಿ ತಿಂದುಹೋಗಿದೆ ಅನ್ನಿ. ನಂಬರ್ ಇರುವ ತುಂಡು ಮಾತ್ರ ಕೊಯ್ದು ಹೊಸ ಚಾಸಿಸ್‌ಗೆ ಬೆಸೆಯಬಹುದಾ? ಹೊಸ ಚಾನೆಲ್ ಮೇಲೆ ಅದೇ ನಂಬರ್ ಒತ್ತಬಹುದಾ? ಮನೆಯವರಿಗೆ ಅದು ಅಜ್ಜನ ಕಾರನ್ನು ಉಳಿಸುವುದು. ಅಧಿಕಾರಿಗೆ ಅದು ನಂಬರ್ ತಿದ್ದುವುದು. ಹಾಗೆ ಮಾಡಿ ಸಿಕ್ಕಿಬಿದ್ದರೆ ಕಾರೇ ಕೈ ಬಿಡಬಹುದು. ಹಳೇ ಚಾನೆಲ್‌ಗಳನ್ನು ಇಟ್ಟುಕೊಂಡು ಕೊಳೆತ ಕಡೆ ಮಾತ್ರ ತೇಪೆ ಹಾಕುವುದು ದುಬಾರಿ, ನಿಧಾನ. ಆದರೂ ಅದಕ್ಕೆ ಜಗಳ ಕಡಿಮೆ.

ಅನುಭವಸ್ಥರು ಮೊದಲು ಮಾಡುವ ಕೆಲಸಕ್ಕೆ ವೆಲ್ಡಿಂಗ್ ಮಷೀನೇ ಬೇಡ. ತುಕ್ಕು ಬಿಡಿಸಲು ಚಾಸಿಸ್‌ಗೆ ಮರಳು ಹೊಡೆಸುವ ಮುಂಚೆ ಎಡಗಡೆ ಚಾನೆಲ್ಲನ್ನು ಕೈಯಿಂದ ತಿಕ್ಕಿ ನಂಬರ್ ಹುಡುಕಿ ಫೋಟೋ ತೆಗೆಯುತ್ತಾರೆ. ಒತ್ತಿದ ಅಂಕಿ ಆಳ ಇರುವುದಿಲ್ಲ, ಮರಳಿನ ಹೊಡೆತಕ್ಕೆ, ಗ್ರೈಂಡರ್‌ಗೆ ಹೋದರೆ ಹೋಯಿತು. ಆಮೇಲೆ ಅಜ್ಜನ ಟ್ರಂಕು, ಬೀರು, ಇನ್ಶೂರೆನ್ಸ್ ಕಾಗದ ಎಲ್ಲ ಜಾಲಾಡುತ್ತಾರೆ. ಕಾಗದ ಸಿಕ್ಕಿ, ಅದು ಅಜ್ಜನ ಹೆಸರಲ್ಲೇ ಇದ್ದರೆ ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ತೀರಿಕೊಂಡು 40 ದಿನ ಆದ ಮೇಲೆ, ಆಸ್ತಿ ಕೋರ್ಟಿಗೆ ಹೋಗದ ಪಕ್ಷದಲ್ಲಿ, ವಾರಸುದಾರರು ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಹೆಸರು ಬದಲಾಯಿಸಿಕೊಳ್ಳಬಹುದು. ಚಿಕ್ಕಪ್ಪ, ಅತ್ತೆ, ಅವರ ಮಕ್ಕಳು ಒಪ್ಪಬೇಕು. ಆ ಸಹಿ ಬೀಳುವವರೆಗೆ ಎಂಜಿನ್ ಯಾವುದು, ಬ್ರೇಕ್ ಯಾವುದು ಅಂತ ವಾದ ಮಾಡಿ ಉಪಯೋಗ ಇಲ್ಲ.