ಟ್ರಾಂಬೆಯ ಗುಮ್ಮಟದೊಳಗಿನ ಹೊತ್ತು

ಊರಿನಿಂದ ನೆಂಟರು ಬಂದಾಗ ಅವರನ್ನು ಎಲಿಫೆಂಟಾಕ್ಕೆ ಕರೆದೊಯ್ಯುವುದು ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಬಹುಮಟ್ಟಿಗೆ ಕಡ್ಡಾಯವಾದ ಸೇವೆ. ಗೇಟ್‌ವೇಯಿಂದ ಹೊರಟ ದೋಣಿ ದ್ವೀಪವನ್ನು ಸಮೀಪಿಸುವಾಗ ಎಡಗಡೆಗೆ ಟ್ರಾಂಬೆಯ ಗುಡ್ಡವೂ ಅದರ ಬುಡದಲ್ಲಿ ಬೋಗುಣಿ ಬೋರಲು ಹಾಕಿದಂಥ ಗುಮ್ಮಟವೂ ಕಾಣುತ್ತವೆ. ಬಾಂಬ್ ಮಾಡುವುದು ಅಲ್ಲೇ ಏನು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕಳೆದ ಸಲ ಹಾಗೆ ಕೇಳಿದವರು ನನ್ನ ಸೋದರತ್ತೆ. ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು, ವಿಕಿರಣಶೀಲ ಅಯೋಡಿನ್ ತೆಗೆದುಕೊಳ್ಳಲೆಂದು ಅವರು ಇಲ್ಲಿಗೆ ಬಂದಿದ್ದರು. ಆ ಅಯೋಡಿನ್ ತಯಾರಾಗುವುದೂ ಅದೇ ಗುಡ್ಡದ ಬುಡದ ಒಂದು ರಿಯಾಕ್ಟರಿನಲ್ಲಿ ಎಂದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಿಯಾಕ್ಟರು ಎಂದರೆ ನ್ಯೂಟ್ರಾನುಗಳು ಧಾರಾಳವಾಗಿ ಸಿಗುವ ಜಾಗ, ಅಷ್ಟೆ. ಯುರೇನಿಯಂ-235ರ ನ್ಯೂಕ್ಲಿಯಸ್ಸಿಗೆ ಒಂದು ನ್ಯೂಟ್ರಾನ್ ತಾಗಿದಾಗ ಅದು ಎರಡಾಗಿ ಒಡೆಯುತ್ತದೆ. ಒಡೆಯುವಾಗ ಶಾಖದ ಜೊತೆಗೆ ಎರಡೋ ಮೂರೋ ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಒಂದು ಮುಂದಿನ ನ್ಯೂಕ್ಲಿಯಸ್ಸನ್ನು ಒಡೆದರೆ ಸರಪಳಿ ನಿಲ್ಲದೆ ಸಾಗುತ್ತದೆ. ಸರಪಳಿ ಸಾಗಿಸಲು ಬೇಕಾದದ್ದನ್ನು ಬಿಟ್ಟು ಉಳಿದ ನ್ಯೂಟ್ರಾನುಗಳ ಎದುರಿಗೆ ನಾವು ಏನನ್ನು ಇಡುತ್ತೇವೆ, ಎಷ್ಟು ಹೊತ್ತು ಇಡುತ್ತೇವೆ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ಟೆಲುರಿಯಂ ಇಟ್ಟರೆ ಅದರ ಒಂದಂಶ ಅಯೋಡಿನ್-131 ಆಗುತ್ತದೆ. ಸಾಧಾರಣ ಕೋಬಾಲ್ಟ್ ಇಟ್ಟರೆ ಕೋಬಾಲ್ಟ್-60 ಆಗುತ್ತದೆ; ಕ್ಯಾನ್ಸರ್ ಗಡ್ಡೆಯನ್ನು ಸುಡುವ ಯಂತ್ರಗಳಲ್ಲಿ, ಸಿರಿಂಜುಗಳನ್ನು ನಿರ್ಜೀವೀಕರಿಸುವ ಘಟಕಗಳಲ್ಲಿ, ಈರುಳ್ಳಿ ಮೊಳೆಯದಂತೆ ತಡೆಯುವ ಲಾಸಲಗಾಂವದ ಕೇಂದ್ರದಲ್ಲಿ ದುಡಿಯುವುದು ಇದೇ.

ಇಟ್ಟದ್ದು ಯುರೇನಿಯಂ-238 ಆದರೆ ಕತೆ ಬೇರೆ ದಾರಿ ಹಿಡಿಯುತ್ತದೆ. ನೈಸರ್ಗಿಕ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ 235ರ ಪಾಲು ಶೇಕಡ 0.7 ಮಾತ್ರ, ಮಿಕ್ಕಿದ್ದೆಲ್ಲ ಬಹುತೇಕ 238. ಇದನ್ನು ಬೇರೆಯಾಗಿ ತಂದಿಡಬೇಕಾಗಿಯೇ ಇಲ್ಲ, ಇಂಧನದಲ್ಲೇ ಇರುತ್ತದೆ. ನ್ಯೂಟ್ರಾನ್ ನುಂಗಿದ ಯುರೇನಿಯಂ-238 ಕೆಲವು ನಿಮಿಷಗಳಲ್ಲಿ ನೆಪ್ಚೂನಿಯಂ ಆಗಿ, ಕೆಲವು ದಿನಗಳಲ್ಲಿ ಪ್ಲುಟೋನಿಯಂ-239 ಆಗಿ ಮಾರ್ಪಡುತ್ತದೆ. ಬಾಂಬಿಗೆ ಬೇಕಾದ್ದು ಇದು. ಆದರೆ ಇಂಧನವನ್ನು ರಿಯಾಕ್ಟರಿನಲ್ಲೇ ಬಿಟ್ಟರೆ ಈ ಪ್ಲುಟೋನಿಯಂ ಇನ್ನೊಂದು ನ್ಯೂಟ್ರಾನ್ ನುಂಗಿ 240 ಆಗುತ್ತದೆ; ಅದು ತನ್ನಷ್ಟಕ್ಕೇ ಒಡೆಯುತ್ತ ಅಕಾಲದಲ್ಲಿ ನ್ಯೂಟ್ರಾನುಗಳನ್ನು ಚೆಲ್ಲುವುದರಿಂದ ಬಾಂಬು ಕಟ್ಟುವವರಿಗೆ ಅದು ಉಪದ್ರವದ ವಸ್ತು. ಮಾಟುಂಗದ ಹೋಟೆಲಿನ ಅಡುಗೆಯವನಿಗೆ ರುಬ್ಬಿದ ಹಿಟ್ಟಿನ ಹೊತ್ತು ಗೊತ್ತಿರುವ ಹಾಗೆ, ಇಲ್ಲಿಯೂ ಹೊತ್ತೇ ಮುಖ್ಯ: ವಿದ್ಯುತ್ತಿಗಾದರೆ ಇಂಧನವನ್ನು ಸತ್ವವೆಲ್ಲ ಹಿಂಡುವವರೆಗೆ ಒಳಗೆ ಬಿಡುತ್ತಾರೆ, ಅಸ್ತ್ರಕ್ಕಾದರೆ ಹುಳಿಯಾಗುವ ಮೊದಲೇ ತೆಗೆಯುತ್ತಾರೆ. ಶಾಂತಿಯ ಪರಮಾಣು, ಯುದ್ಧದ ಪರಮಾಣು ಎಂದು ಎರಡು ಜಾತಿಗಳಿವೆಯೆಂಬಂತೆ ಬರೆಯುವ ಪಾಠಪುಸ್ತಕಗಳ ಬಗ್ಗೆ ನನ್ನ ತಕರಾರು ಇರುವುದು ಇದೇ ಕಾರಣಕ್ಕೆ.

ಕಾರವಾರದ ಕಡೆಯವರಿಗೆ ಪರಿಚಿತವಾದ ಕೈಗಾದ ಉದಾಹರಣೆಯನ್ನೇ ನೋಡಬಹುದು. ಅಲ್ಲಿಯ 1ನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರ ತನಕ, ಒಟ್ಟು 962 ದಿನ, ಒಮ್ಮೆಯೂ ನಿಲ್ಲದೆ ಓಡಿ ಅಂದಿನ ವಿಶ್ವದಾಖಲೆಯನ್ನು ಬರೆಯಿತು. ಅದು ಸಾಧ್ಯವಾದದ್ದು ಭಾರಜಲ (ಜಲಜನಕದ ಭಾರವಾದ ರೂಪವಿರುವ ನೀರು) ಬಳಸುವ ರಿಯಾಕ್ಟರಿನ ಒಂದು ಗುಣದಿಂದ: ಯಂತ್ರ ಓಡುತ್ತಿರುವಾಗಲೇ ಕೊಳವೆಯ ಒಂದು ತುದಿಯಿಂದ ಹೊಸ ಇಂಧನವನ್ನು ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ಹೊರತೆಗೆಯಬಹುದು. ಮುಂಬಯಿಯಿಂದ ಸುಮಾರು 100 ಕಿಲೋಮೀಟರ್ ಉತ್ತರದ ತಾರಾಪುರದಲ್ಲಿ 1969ರಿಂದ ಇರುವ ಮೊದಲ ಎರಡು ಘಟಕಗಳು ಬೇರೆ ಬಗೆಯವು. ಇಂಧನ ಬದಲಿಸಬೇಕಾದರೆ ಅವುಗಳನ್ನು ನಿಲ್ಲಿಸಲೇಬೇಕು, ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಓಡುತ್ತಲೇ ಇಂಧನ ಬದಲಿಸುವ ಅನುಕೂಲವಿದ್ದರೆ ಬೇಕೆಂದಾಗ ಬೇಗನೆ ತೆಗೆಯುವ ಅನುಕೂಲವೂ ಇದ್ದಂತೆ. ಅಂತರರಾಷ್ಟ್ರೀಯ ತಪಾಸಕರು ಭಾರಜಲ ರಿಯಾಕ್ಟರುಗಳನ್ನು ಹೆಚ್ಚು ನಿಗಾವಹಿಸಿ ನೋಡುವುದು ಇದಕ್ಕೇ. ಅಮೆರಿಕದೊಂದಿಗಿನ ಪರಮಾಣು ಒಪ್ಪಂದದ ವೇಳೆ, 2006ರಲ್ಲಿ, ಭಾರತ ತಪಾಸಣೆಗೆ ಒಡ್ಡಿದ 14 ಘಟಕಗಳ ಪಟ್ಟಿಯಲ್ಲಿ ಕೈಗಾದ ನಾಲ್ಕೂ ಇರಲಿಲ್ಲ.

ದೋಣಿಯಿಂದ ಕಾಣುವ ಗುಮ್ಮಟದ ಚರಿತ್ರೆಗೆ ಬರುತ್ತೇನೆ. ಭಾರತದ ಪರಮಾಣು ಕಾರ್ಯಕ್ರಮದ ರೂವಾರಿ ಹೋಮಿ ಭಾಭಾ ಎರಡನೆಯ ಮಹಾಯುದ್ಧದ ವರ್ಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದು ಮುಂಬಯಿಗೆ ಬಂದವರು. ಅವರ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಅಪ್ಸರಾ ಎಂಬ ರಿಯಾಕ್ಟರು ಚಾಲೂ ಆದ ನಾಲ್ಕು ವರ್ಷಗಳ ಅನಂತರ, ಕೆನಡಾದ ನೆರವು ಮತ್ತು ಅಮೆರಿಕದ ಭಾರಜಲದಿಂದ 40 ಮೆಗಾವಾಟ್ ಶಾಖಸಾಮರ್ಥ್ಯದ ಸೈರಸ್ ರಿಯಾಕ್ಟರು ಆ ಗುಮ್ಮಟದೊಳಗೆ ಆರಂಭವಾಯಿತು. ಶಾಂತಿಯುತ ಉದ್ದೇಶಕ್ಕೆ ಮಾತ್ರ ಎಂಬ ಮಾತಿನ ಮೇಲೆ ಬಂದ ಈ ಸೈರಸ್ ಒಂದು ಕಡೆ ಆಸ್ಪತ್ರೆಗಳಿಗೆ ಅಯೋಡಿನ್-131ರಂಥ ವಿಕಿರಣಶೀಲ ಐಸೊಟೋಪುಗಳನ್ನು ಮಾಡಿಕೊಟ್ಟಿತು. ಇನ್ನೊಂದು ಕಡೆ ಅದರ ಇಂಧನದಿಂದ ಬೇರ್ಪಡಿಸಿದ ಪ್ಲುಟೋನಿಯಂ 1974ರ ಮೇ 18ರಂದು ಪೋಖರಣ್‌ನಲ್ಲಿ ಸಿಡಿಯಿತು. ಆ ತಂಡದ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಅದನ್ನು ಶಾಂತಿಯುತ ಪರಮಾಣು ಸ್ಫೋಟವೆಂದು ಸರ್ಕಾರ ಕರೆಯಿತು; ಕೆನಡಾ ಒಪ್ಪಲಿಲ್ಲ, ನೆರವು ನಿಲ್ಲಿಸಿತು, ಪರಮಾಣು ಸರಕನ್ನು ಮಾರುವ ದೇಶಗಳು ಸೇರಿ ಕೂಟವೊಂದನ್ನು ಕಟ್ಟಿದವು. ನಮ್ಮವರ ವಿವರಣೆಯನ್ನು ಭೌತವಿಜ್ಞಾನ ಬೆಂಬಲಿಸುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಆಸ್ಪತ್ರೆಯ ಕಡೆಗೆ ಹೋದರೆ ಹೊತ್ತಿನ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ದೇಹದೊಳಗಿನ ಚಿತ್ರಕ್ಕಾಗಿ ಹೆಚ್ಚಾಗಿ ಬಳಸುವ ಟೆಕ್ನೀಷಿಯಂ-99ಎಂ ಆರೇ ಗಂಟೆಗಳಲ್ಲಿ ಅರ್ಧವಾಗುತ್ತದೆ. ಅದನ್ನು ಮಾಡಿ ದೂರದೂರಿಗೆ ಕಳಿಸುವುದು ಕಷ್ಟ. ಅದಕ್ಕಾಗಿ 66 ಗಂಟೆಗಳ ಅರ್ಧಾಯುಷ್ಯವಿರುವ ಅದರ ತಾಯಿ ಮಾಲಿಬ್ಡಿನಂ-99 ಅನ್ನೇ ಕಳಿಸುತ್ತಾರೆ. ಆಸ್ಪತ್ರೆಯವರು ಬೆಳಿಗ್ಗೆ ಲವಣದ ನೀರು ಹಾಯಿಸಿ ಟೆಕ್ನೀಷಿಯಂ ಇಳಿಸಿಕೊಳ್ಳುತ್ತಾರೆ, ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಅದು ಮತ್ತೆ ತುಂಬಿರುತ್ತದೆ. ಈ ಕೆಲಸಕ್ಕೆ ಅವರು ಹಸು ಕರೆಯುವ ಮಾತನ್ನೇ ಬಳಸುತ್ತಾರೆ. ಪೆಟ್ ಸ್ಕ್ಯಾನಿನ ಫ್ಲೋರಿನ್-18ಕ್ಕೆ ಅಂಥ ತಾಯಿಯೂ ಇಲ್ಲ, ರಿಯಾಕ್ಟರಿನ ಬದಲು ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕ ಯಂತ್ರದಲ್ಲಿ ಹುಟ್ಟುವ ಅದರ ಅರ್ಧಾಯುಷ್ಯ 110 ನಿಮಿಷ. ಮಳೆಗಾಲದ ಒಂದು ಸಂಜೆ ಪರೇಲಿನಿಂದ ಕಲ್ಯಾಣಕ್ಕೆ ಗಾಡಿಯಲ್ಲಿ ಹೊರಟವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಅತ್ತೆಯ ಅಯೋಡಿನ್ನಿನ ಅರ್ಧಾಯುಷ್ಯ 8 ದಿನ. ಥೈರಾಯ್ಡಿನ ಕೋಶಗಳು ಹಸಿದು ಅಯೋಡಿನ್ ಹೀರಿಕೊಳ್ಳುತ್ತವೆ, ಅದು ಹೊರಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರಿಗಿಂತ ದೂರ ಹೋಗಲಾರದೆ ಅಲ್ಲಿಯೇ ಕೋಶಗಳನ್ನು ಕೊಲ್ಲುತ್ತವೆ. ಕೆಲವು ದಿನ ಬೇರೆ ಕೋಣೆ, ಬೇರೆ ತಟ್ಟೆ, ಮೊಮ್ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಹತ್ತು ಅರ್ಧಾಯುಷ್ಯಗಳು ಕಳೆದರೆ, ಎಂದರೆ 80 ದಿನಗಳಲ್ಲಿ, ಸಾವಿರಕ್ಕೆ ಒಂದು ಪಾಲಷ್ಟೇ ಉಳಿದಿರುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ಕೊಟ್ಟೆ. ದೇಹದಿಂದ ಹೊರಹೋಗುವುದನ್ನೂ ಸೇರಿಸಿದರೆ ಅಷ್ಟು ದಿನವೂ ಬೇಕಿರಲಿಲ್ಲ, ಆದರೆ ಗುರುತು ಅವರಿಗೆ ಸಮಾಧಾನ ತಂದಿತು.

ಸೈರಸ್ 2010ರ ಡಿಸೆಂಬರ್ 31ರಂದು ಶಾಶ್ವತವಾಗಿ ನಿಂತಿತು. ಅದು ರೋಗಿಗಳಿಗಾಗಿ ಮಾಡಿದ ಅಯೋಡಿನ್ ಎಂದೋ ಲೆಕ್ಕಕ್ಕೆ ಸಿಗದಷ್ಟು ಕರಗಿದೆ. ಅದರ ಇಂಧನದಿಂದ 1960ರ ದಶಕದಲ್ಲಿ ತೆಗೆದ ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,100 ವರ್ಷ. ಸಿಡಿಯದೆ ಉಳಿದದ್ದರಲ್ಲಿ ಇವತ್ತಿನ ತನಕ ಸಾವಿರಕ್ಕೆ ಎರಡು ಪಾಲೂ ಸವೆದಿಲ್ಲ.