ಗುಳಿಗೆ ಕೆಲಸ ಮಾಡಿತು ಅಂದರೆ ಏನು? ಆನೆಕಾಲು ರೋಗದ ಒಂದು ಟಿಪ್ಪಣಿ

ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಗೆ ಗುಳಿಗೆ ಹಂಚುವವರ ಜೊತೆ ಹೋಗಿದ್ದೆ. ಕಟ್ಟೆ ಮೇಲೆ ಕೂತಿದ್ದ ಆಯಿ ಸೀರೆ ಅಂಚು ಸರಿಸಿ ಬಾತ ಕಾಲು ತೋರಿಸಿದರು. "ಯವ್ವಾ, ಇದನ್ನ ನುಂಗಿದ್ರ ಕಾಲು ಇಳಿತೈತೇನ?" ನಾನು ಬಾಯಿ ಬಿಡುವ ಮೊದಲೇ ಆಶಾ ಅಕ್ಕ ಹೇಳಿದರು: "ಇಲ್ಲ ಆಯಿ, ಇದು ಕಾಲಿಗಲ್ಲ. ರಕ್ತದಾಗಿನ ಹುಳಕ್ಕ."

ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದಿದ್ದದ್ದು ಇದೇ. ಔಷಧಿ 'ಫಲ ಕೊಟ್ಟಿತು' ಅಂತ ಓದಿದಾಗ, ಯಾವುದರ ಮೇಲೆ ಅಂತ ಮೊದಲು ಕೇಳಬೇಕು.

ಆನೆಕಾಲು ರೋಗ ತರುವ ದೊಡ್ಡ ಹುಳ, ಅಂದರೆ ವುಚೆರೇರಿಯಾ ಬ್ಯಾಂಕ್ರಾಫ್ಟಿ, ದುಗ್ಧನಾಳದಲ್ಲಿ (ಮೈಯೊಳಗೆ ಲಿಂಫ್ ಎಂಬ ದ್ರವ ಹರಿಯುವ ನಾಳ) ಆರೆಂಟು ವರ್ಷ ಬದುಕುತ್ತದೆ. ಅದು ಹಾಕುವ ಲಕ್ಷಾಂತರ ಮರಿಗಳು ಮೈಕ್ರೋಫೈಲೇರಿಯಾ. ಅವು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುತ್ತವೆ. ರಾತ್ರಿ ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುವುದು ಅದಕ್ಕೇ. ಚರಂಡಿ ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕುಡಿಯುವುದೂ ಈ ಮರಿಗಳನ್ನೇ. ಮರಿ ಇಲ್ಲದಿದ್ದರೆ ಪಕ್ಕದ ಮನೆಗೆ ರೋಗ ದಾಟುವುದಿಲ್ಲ. ಹಾಗಾಗಿ ಅಧ್ಯಯನಗಳು ಹೆಚ್ಚಾಗಿ ಎಣಿಸುವುದು ಮರಿಗಳನ್ನು. ಕಾಲಿನ ಬಾವನ್ನಲ್ಲ.

ಈಗ ಅಂಕಿ ನೋಡೋಣ. 2018ರಲ್ಲಿ ಪಪುವಾ ನ್ಯೂಗಿನಿಯ ಒಂದು ಅಧ್ಯಯನ ಪ್ರಕಟವಾಯಿತು. ರಕ್ತದಲ್ಲಿ ಮರಿ ಇದ್ದ 182 ಜನರನ್ನು ಮೂರು ಗುಂಪು ಮಾಡಿದ್ದರು. ಡಿಇಸಿ (ಡೈಈಥೈಲ್‌ಕಾರ್ಬಮಜೀನ್) ಮತ್ತು ಆಲ್ಬೆಂಡಜೋಲ್ ಎಂಬ ಎರಡು ಹಳೆಯ ಗುಳಿಗೆಗಳನ್ನು ಒಂದೇ ಸಲ ನುಂಗಿದವರಲ್ಲಿ 12 ತಿಂಗಳಿಗೆ ಮರಿ ಮಾಯವಾದದ್ದು 32% ಜನಕ್ಕೆ. ಅದಕ್ಕೆ ಐವರ್ಮೆಕ್ಟಿನ್ ಸೇರಿಸಿ ಒಂದೇ ಸಲ ಕೊಟ್ಟಾಗ 96%. ಎರಡು ವರ್ಷಕ್ಕೂ 96%, ಮೂರು ವರ್ಷಕ್ಕೂ 96%. ಹಳೆಯ ಎರಡು ಗುಳಿಗೆಗಳನ್ನು ವರ್ಷಕ್ಕೊಮ್ಮೆ, ಮೂರು ವರ್ಷ ನುಂಗಿದವರಲ್ಲಿ ಕೊನೆಗೆ 98%. ಅಂದರೆ ಎರಡು ಗುಳಿಗೆಯೂ ಕೆಲಸ ಮಾಡುತ್ತದೆ, ಆದರೆ ಜನ ಮೂರು ವರ್ಷವೂ ತಪ್ಪದೆ ನುಂಗಬೇಕು. ಅಲ್ಲೇ ತೊಡಕು, ಅಲ್ವಾ?

ಇಲ್ಲಿ ನಾನು ಒಮ್ಮೆ ಎಡವಿದ್ದೆ. ಮರಿ ಮೂರು ವರ್ಷ ಕಾಣಲಿಲ್ಲ ಅಂದರೆ ದೊಡ್ಡ ಹುಳ ಸತ್ತಿದೆ ಅಂತ ಬರೆದುಬಿಟ್ಟಿದ್ದೆ. ಹಾಗೇನಿಲ್ಲ. ಹುಳ ಬದುಕಿದ್ದೂ ಬಂಜೆಯಾಗಿರಬಹುದು. ಆಗ ಮರಿ ಇಲ್ಲದಿದ್ದರೂ, ರಕ್ತದಲ್ಲಿ ದೊಡ್ಡ ಹುಳದ ಗುರುತು ಹುಡುಕುವ ಆಂಟಿಜನ್ ಪರೀಕ್ಷೆ ಪಾಸಿಟಿವ್ ಬರುತ್ತದೆ. ಎರಡು ಪರೀಕ್ಷೆ ಎರಡು ಬೇರೆ ಪ್ರಶ್ನೆಗೆ ಉತ್ತರ.

ಅದೇ ಅಧ್ಯಯನದಲ್ಲಿ ಮಧ್ಯಮ ಮಟ್ಟದ ತೊಂದರೆಗಳು ಮೂರು ಗುಳಿಗೆಯವರಲ್ಲಿ 27%, ಎರಡು ಗುಳಿಗೆ ಒಂದು ಸಲ ನುಂಗಿದವರಲ್ಲಿ 5%. ಹೆದರಬೇಡಿ, ಅಪಾಯಕಾರಿ ಪ್ರಕರಣ ಇರಲಿಲ್ಲ. ಮರಿಗಳು ಒಮ್ಮೆಲೇ ಸಾಯುವಾಗ ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಮರಿ ಜಾಸ್ತಿ ಇದ್ದವರಿಗೆ ತೊಂದರೆಯೂ ಜಾಸ್ತಿ. ಆದರೆ ಊರಲ್ಲಿ ಇದನ್ನು ಮೊದಲೇ ಹೇಳದಿದ್ದರೆ "ಗುಳಿಗಿ ತೊಗೊಂಡು ಜ್ವರ ಬಂತು" ಅನ್ನುವ ಮಾತು ಸಂಜೆಯೊಳಗೆ ಓಣಿ ತುಂಬುತ್ತದೆ. ಭಾರತದಲ್ಲಿ ಮೂರು ಗುಳಿಗೆಯ ಸುರಕ್ಷತೆಯನ್ನು ಪರೀಕ್ಷಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲೇ. ವಿಜಯಪುರ, ಬಾಗಲಕೋಟೆಗಳೂ ಈ ರೋಗದ ಜಿಲ್ಲೆಗಳ ಪಟ್ಟಿಯಲ್ಲಿ ಬಂದವೇ.

ಡೋಸು ಬೇಗ ನೋಡಿಬಿಡೋಣ. ಡಿಇಸಿ ತೂಕದ ಪ್ರತಿ ಕಿಲೋಗೆ 6 ಮಿಲಿಗ್ರಾಂ, ಆಲ್ಬೆಂಡಜೋಲ್ 400 ಮಿಲಿಗ್ರಾಂ, ಐವರ್ಮೆಕ್ಟಿನ್ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ. ಐದು ವರ್ಷದೊಳಗಿನವರಿಗೆ ಐವರ್ಮೆಕ್ಟಿನ್ ಇಲ್ಲ.

ಇನ್ನೊಂದು ಅಂಕಿ 65%. ರೋಗ ಹರಡುವುದು ನಿಲ್ಲಬೇಕಾದರೆ ಒಟ್ಟು ಜನಸಂಖ್ಯೆಯಲ್ಲಿ ಕನಿಷ್ಠ ಇಷ್ಟು ಜನ ನುಂಗಬೇಕು. ನುಂಗಬೇಕು, ಸುಮ್ನೆ ಇಸಕೊಳ್ಳುವುದಲ್ಲ. ಅದೇ ಹಳ್ಳಿಯ ಒಂದು ಮನೆಯಲ್ಲಿ ಗೋಡೆಯ ಮಾಡದಲ್ಲಿ, ದೀಪದ ಎಣ್ಣೆ ಬಾಟ್ಲಿ ಪಕ್ಕ, ಹಿಂದಿನ ಸಲದ ಗುಳಿಗೆಗಳು ಪೊಟ್ಟಣದಲ್ಲೇ ಇದ್ದವು. ರಿಜಿಸ್ಟರಿನಲ್ಲಿ ಆ ಮನೆಯ ಮುಂದೆ ಟಿಕ್ ಇತ್ತು.

ಆಯಿಯ ಕಾಲಿಗೆ ಬೇರೆಯೇ ಚಿಕಿತ್ಸೆ. ಸೋಪು ಹಚ್ಚಿ ದಿನಾ ತೊಳೆಯುವುದು, ಬೆರಳ ಸಂದಿ ಒರೆಸುವುದು, ಕಾಲು ಎತ್ತಿ ಇಡುವುದು. ಬಾವು ಪೂರ್ತಿ ಹೋಗುವುದಿಲ್ಲ, ಆದರೆ ಮತ್ತೆ ಮತ್ತೆ ಬರುವ ಜ್ವರ, ಉರಿ, ನೋವು ಕಡಿಮೆಯಾಗುತ್ತದೆ. ಆಶಾ ಅಕ್ಕ ಬಕೆಟ್ಟು ತರಿಸಿ, ತೊಳೆದು ತೋರಿಸಿದರು. ಹಳೆ ಧೋತ್ರದ ಚೂರಿನಿಂದ ಒಂದೊಂದೇ ಸಂದಿ ಒರೆಸುವಾಗ ಆಯಿ ಕೇಳಿದರು: "ಹಂಗಾದ್ರ ಗುಳಿಗಿ ಯಾರಿಗ ಬೇ?" ಅಕ್ಕ ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳ ಕಡೆ ಕೈ ತೋರಿಸಿದರು.