ಡ್ರೈ ಸ್ಟಾರ್ಟ್: ಎಣ್ಣೆ ತುಂಬಿದ್ದರೂ ಎಂಜಿನ್ ಒಣಗಿರುವ ಆ ಕೆಲವು ಸೆಕೆಂಡು

ನಾಲ್ಕು ತಿಂಗಳು ಊರಿನ ಮನೆಯ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಕಳೆದ ಸಲ ಸ್ಟಾರ್ಟ್ ಮಾಡಿದೆ. ಬಾನೆಟ್ ಒಳಗಿಂದ ಟಕಟಕ ಅಂತ ಗಟ್ಟಿ ಸದ್ದು. ಮೀಟರಿನ ಪಕ್ಕ ಗಿಂಡಿಯ ಆಕಾರದ ಕೆಂಪು ದೀಪ ಉರಿಯುತ್ತಲೇ ಇತ್ತು. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟರಲ್ಲಿ ದೀಪ ಆರಿತು. ಅದರ ಹಿಂದೆಯೇ ಸದ್ದೂ ಅಡಗಿತು. ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ ಹೇಳಿದರು: "ಡ್ರೈ ಸ್ಟಾರ್ಟ್ ಆಯ್ತು ಸಾರ್. ರೇಸ್ ಕೊಡ್ಬೇಡಿ, ಸುಮ್ನೆ ಬಿಡಿ."

ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಎಣ್ಣೆ ತುಂಬಿದ್ದ ಮೇಲೆ ಡ್ರೈ ಹೇಗಾಯಿತು?

ಡ್ರೈ ಸ್ಟಾರ್ಟ್ ಅಂದರೆ ಎಣ್ಣೆಯೇ ಇಲ್ಲದೆ ಸ್ಟಾರ್ಟ್ ಮಾಡುವುದಲ್ಲ. ಎಣ್ಣೆ ಇದೆ, ಆದರೆ ಬೇಕಾದ ಜಾಗಕ್ಕೆ ಇನ್ನೂ ಬಂದಿಲ್ಲ. ನಿಂತ ಎಂಜಿನ್‌ನಲ್ಲಿ ಎಣ್ಣೆಯೆಲ್ಲ ಇಳಿದು ಅಡಿಯ ಆಯಿಲ್ ಚೇಂಬರಿನಲ್ಲಿ ಕೂತಿರುತ್ತದೆ. ಅದನ್ನು ಮೇಲೆತ್ತುವ ಪಂಪನ್ನು ತಿರುಗಿಸುವುದು ಅದೇ ಎಂಜಿನ್. ಅಂದರೆ ಎಣ್ಣೆ ಬರಬೇಕಾದರೆ ಎಂಜಿನ್ ತಿರುಗಬೇಕು, ಆದರೆ ತಿರುಗುವಾಗ ಎಣ್ಣೆ ಆಗಲೇ ಅಲ್ಲಿರಬೇಕು. ಸೆಲ್ಫ್ ಹೊಡೆದಾಗ ಪಂಪ್ ಜಾಲರಿಯ ಮೂಲಕ ಎಣ್ಣೆ ಎಳೆದು, ಫಿಲ್ಟರ್ ದಾಟಿಸಿ, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕಿನ ಬೇರಿಂಗ್‌ಗಳಿಗೆ ಕೊಟ್ಟು, ವಾಲ್ವ್‌ಗಳಿರುವ ಮೇಲಿನ ಹೆಡ್ಡಿಗೆ ಏರಿಸುತ್ತದೆ. ಹೆಡ್ಡೇ ಎಲ್ಲಕ್ಕಿಂತ ದೂರ. ಅದಕ್ಕೇ ವಾಲ್ವ್ ತಳ್ಳುವ ಟ್ಯಾಪೆಟ್‌ಗಳ ಟಕಟಕ ಸದ್ದು ಮೇಲಿಂದ ಕೇಳಿಸುವುದು, ಕೊನೆಗೆ ಅಡಗುವುದು.

ನಮ್ಮಲ್ಲಿ ಕೀಲೆಣ್ಣೆ ಅನ್ನುವ ಹಳೆಯ ಮಾತಿದೆ. ಗಾಡಿಯ ಅಚ್ಚಿಗೆ ಬಳಿದರೆ ಸಾಕು, ಸವೆತ ಕಮ್ಮಿ, ಕಿರುಗುಟ್ಟುವುದೂ ಇಲ್ಲ. ಎಂಜಿನ್ ಆಯಿಲ್ಲೂ ಹಾಗೇ ಜಾರಿಸುವ ಎಣ್ಣೆ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಅದು ಜಾರಿಸುವುದಷ್ಟೇ ಅಲ್ಲ, ಎತ್ತಿ ಹಿಡಿಯುತ್ತದೆ. ಕ್ರ್ಯಾಂಕ್‌ಶಾಫ್ಟಿಗೂ ಅದನ್ನು ಸುತ್ತಿ ಹಿಡಿದ ಬೇರಿಂಗ್ ಶೆಲ್ಲಿಗೂ ನಡುವೆ ಇರುವ ಸಂದು ಸುಮಾರು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ಎಷ್ಟೋ ಎಂಜಿನ್‌ಗಳಲ್ಲಿ ಇನ್ನೂ ಕಡಿಮೆ. ತಲೆಗೂದಲಿಗಿಂತ ಸಣ್ಣದು. ಎಂಜಿನ್ ಓಡುವಾಗ ಕ್ರ್ಯಾಂಕ್ ಆ ಸಂದಿನ ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುತ್ತದೆ. ಲೋಹಕ್ಕೆ ಲೋಹ ಮುಟ್ಟುವುದೇ ಇಲ್ಲ.

ಇದು ಗೊತ್ತಾದ ಕತೆ ನನಗೆ ತುಂಬ ಇಷ್ಟ. 1883ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ರೈಲಿನ ಅಚ್ಚಿನ ಬೇರಿಂಗ್‌ಗಳಲ್ಲಿ ತಿಕ್ಕಾಟ ಎಷ್ಟಿದೆ ಅಂತ ಅಳೆಯುತ್ತಿದ್ದರು. ಎಣ್ಣೆ ಬಿಡೋಣ ಅಂತ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದಲೇ ಉಕ್ಕಿ ಬಂತು. ಬಿರಡೆ ಹಾಕಿದರು, ಅದನ್ನೂ ತಳ್ಳಿತು. ಮರದ ಬೆಣೆ ಬಡಿದರು, ಅದನ್ನೂ ತಳ್ಳಿತು. ಕೊನೆಗೆ ಗೇಜ್ ಕೂರಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರ ಸರಾಸರಿ ಅದರ ಅರ್ಧದಷ್ಟು ಮಾತ್ರ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ತಾನೇ ಒತ್ತಡ ಹುಟ್ಟಿಸಿ, ಅದರ ಮೇಲೆ ಏರಿ ಕೂರುತ್ತದೆ ಅಂತ ಆಗ ತಿಳಿಯಿತು. ಇದರ ಲೆಕ್ಕವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದುಕೊಟ್ಟರು.

ಹಾಗಾಗಿ ಪಂಪಿನ ಕೆಲಸ ಎಣ್ಣೆಯನ್ನು ಬೇರಿಂಗಿನ ಬಾಗಿಲವರೆಗೆ ಮುಟ್ಟಿಸುವುದು. ಎತ್ತುವ ಕೆಲಸ ತಿರುಗಾಟದ್ದು. ಸ್ಟಾರ್ಟ್ ಆಗುವ ಕ್ಷಣದಲ್ಲಿ ಎರಡೂ ಸಾಲದು. ಕ್ರ್ಯಾಂಕ್ ಶೆಲ್ಲಿನ ಮೇಲೆ ನೇರ ಕೂತಿರುತ್ತದೆ, ಮೊದಲ ಸುತ್ತುಗಳನ್ನು ತಿಕ್ಕಿಕೊಂಡೇ ತಿರುಗುತ್ತದೆ. ಆಗ ಕಾಯುವುದು ಎರಡು: ಹಿಂದಿನ ಓಟದಿಂದ ಅಂಟಿಕೊಂಡು ಉಳಿದ ತೆಳು ಎಣ್ಣೆ, ಮತ್ತು ಆಯಿಲ್ಲಿನಲ್ಲಿ ಬೆರೆಸಿರುವ ಸತು-ರಂಜಕದ ಸಂಯುಕ್ತ. ಇದು ಲೋಹದ ಮೈಮೇಲೆ ಒಂದು ಗಟ್ಟಿ ಪೊರೆ ಕಟ್ಟುತ್ತದೆ.

ರಾತ್ರಿ ನಿಲ್ಲಿಸಿ ಬೆಳಿಗ್ಗೆ ತೆಗೆಯುವ ಕಾರಿಗೆ ಈ ಕಾವಲು ಧಾರಾಳ ಸಾಕು. ಹೆದರಬೇಕಾಗಿಲ್ಲ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಹೊಸ ಕಾರುಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಅಲ್ಲಿ ಎಣ್ಣೆ ಬಿಸಿ ಇರುತ್ತದೆ, ಇಳಿದು ಹೋಗುವಷ್ಟು ಹೊತ್ತೂ ಆಗಿರುವುದಿಲ್ಲ. ಅದು ಡ್ರೈ ಸ್ಟಾರ್ಟ್ ಅಲ್ಲ. ನಿಜವಾದ ಡ್ರೈ ಸ್ಟಾರ್ಟ್ ಆಗುವುದು ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ, ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ, ಖಾಲಿ ಹೊಸ ಫಿಲ್ಟರ್ ಹಾಕಿದ ಮೇಲೆ, ಇಲ್ಲವೇ ಫಿಲ್ಟರ್ರೇ ಕಳಪೆ ಇದ್ದಾಗ.

ಈ ಫಿಲ್ಟರ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ತೋಟದ ಪಂಪ್‌ಸೆಟ್ ನೋಡಿದವರಿಗೆ ಫುಟ್‌ವಾಲ್ವ್ ಗೊತ್ತು. ಅದು ಸೋರಿದರೆ ಪೈಪಿನ ನೀರೆಲ್ಲ ಬಾವಿಗೆ ಇಳಿಯುತ್ತದೆ. ಮರುದಿನ ಮೋಟಾರ್ ಗರಗರ ತಿರುಗುತ್ತದೆ, ನೀರು ಬರುವುದಿಲ್ಲ. ಕೊಡದಲ್ಲಿ ನೀರು ಹೊಯ್ದು ತುಂಬಿಸಬೇಕು. ಆಯಿಲ್ ಫಿಲ್ಟರಿನ ಒಳಗೂ ಅಂಥದ್ದೇ ಒಂದು ರಬ್ಬರ್ ಇಲ್ಲವೇ ಸಿಲಿಕೋನ್ ಮುಚ್ಚಳ ಇದೆ. ಎಂಜಿನ್ ನಿಂತಾಗ ಎಣ್ಣೆ ವಾಪಸ್ ಹರಿಯದಂತೆ ಅದು ತಡೆಯುತ್ತದೆ. ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂತಿರುವ ಕಾರುಗಳಲ್ಲಿ ಇದು ಬಹಳ ಮುಖ್ಯ. ಅಗ್ಗದ ಫಿಲ್ಟರಿನಲ್ಲಿ ಆ ರಬ್ಬರ್ ಬೇಗ ಗಟ್ಟಿಯಾಗಿ ಸೋರುತ್ತದೆ. ಆಮೇಲೆ ದಿನಾ ಬೆಳಿಗ್ಗೆ ಪಂಪ್ ಮೊದಲು ಫಿಲ್ಟರ್ ತುಂಬಿಸಬೇಕು, ಬೇರಿಂಗಿನ ಸರದಿ ಆಮೇಲೆ. ಹಾಗಾಗಿ ಫಿಲ್ಟರಿನಲ್ಲಿ ಮಾತ್ರ ಜಿಪುಣತನ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಫಿಲ್ಟರ್ ಬಾಯಿ ಮೇಲಾಗಿ ಕೂರುವ ಕಾರಾದರೆ, ಹಾಕುವ ಮೊದಲು ಅದಕ್ಕೆ ಒಂದಿಷ್ಟು ಹೊಸ ಆಯಿಲ್ ಹೊಯ್ಯಲು ಹೇಳಿ. ಒಂದೇ ನಿಮಿಷದ ಕೆಲಸ.

ಇನ್ನು ಆಯಿಲ್. ಡಬ್ಬದ ಮೇಲೆ 5ಡಬ್ಲ್ಯು-30 ಅಂತಿರುತ್ತದಲ್ಲ, ಆ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಎಡಗಡೆಯ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವಾಗ ಎಣ್ಣೆ ಸಲೀಸಾಗಿ ಹರಿಯುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಮಗೇಕೆ ಅದು ಅನ್ನುವವರಿದ್ದಾರೆ. ಎಂಜಿನ್‌ಗೆ ಚಳಿ ಅಂದರೆ ಬೇರೆಯೇ. ಸಾಮಾನ್ಯ 5ಡಬ್ಲ್ಯು-30 ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ಮಂದ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆಗೆ ಇನ್ನೂ ಎಷ್ಟೋ ಜಾಸ್ತಿ. ಮಂದ ಎಣ್ಣೆ ಹೆಡ್ಡಿಗೆ ಏರಲು ತಡ. "ದಪ್ಪ ಆಯಿಲ್ ಹಾಕಿಸಿ, ಎಂಜಿನ್ ಗಟ್ಟಿ" ಅನ್ನುವ ಮಾತು ಹಳೆಯ ಸಡಿಲ ಎಂಜಿನ್‌ಗಳ ಕಾಲದ್ದು. ಕಾರಿನ ಕೈಪಿಡಿಯಲ್ಲಿ ಯಾವುದು ಬರೆದಿದೆಯೋ ಅದನ್ನೇ ಹಾಕಿಸಿ.

ಸ್ಟಾರ್ಟ್ ಮಾಡಿದ ಕೂಡಲೇ ಗರ್ ಗರ್ ಅಂತ ರೇಸ್ ಕೊಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಎಣ್ಣೆ ಮುಟ್ಟುವ ಮೊದಲೇ ಭಾರ ಹೇರಿದ ಹಾಗೆ. ಅರ್ಧ ನಿಮಿಷ ಸುಮ್ಮನೆ ಓಡಲಿ, ಆಮೇಲೆ ಮೆಲ್ಲಗೆ ಹೊರಡಿ. ಮೊದಲ ಹತ್ತು ನಿಮಿಷ ಆಕ್ಸಿಲರೇಟರ್ ಹಗುರವಾಗಿರಲಿ. ಟೆಂಪರೇಚರ್ ಮುಳ್ಳು ಮೇಲೆ ಬಂದಿದ್ದರೂ ಅದು ತೋರಿಸುವುದು ಕೂಲಂಟ್ ಬಿಸಿಯನ್ನು. ಎಣ್ಣೆ ಅದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ.

ಅಮೆರಿಕಕ್ಕೋ ದುಬೈಗೋ ಹೋದವರು ಊರಲ್ಲಿರುವ ಅಪ್ಪನಿಗೆ ಫೋನ್ ಮಾಡಿ "ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಡಿ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಎರಡು ನಿಮಿಷದಲ್ಲಿ ಎಣ್ಣೆ ಬಿಸಿಯಾಗುವುದಿಲ್ಲ, ಒಳಗೆ ಹನಿಗಟ್ಟಿದ ನೀರು ಆರುವುದಿಲ್ಲ. ವಾರಕ್ಕೊಂದು ತಣ್ಣನೆ ಸ್ಟಾರ್ಟ್ ಲೆಕ್ಕಕ್ಕೆ ಸೇರುತ್ತದೆ, ಅಷ್ಟೇ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ಬರುವುದು ಎಷ್ಟೋ ಮೇಲು.

ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕಾರಾದರೆ, ನಮ್ಮ ಮೆಕ್ಯಾನಿಕ್ ಈಗ ಒಂದು ಉಪಾಯ ಮಾಡುತ್ತಾರೆ. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದಿಟ್ಟು ಸೆಲ್ಫ್ ಹೊಡೆಯುತ್ತಾರೆ. ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಎಂಜಿನ್ ಒಂದೆರಡು ಸಲ ಗೊರ್ ಅಂದು ನಿಲ್ಲಬಹುದು. ಆಮೇಲೆ ಐದೈದು ಸೆಕೆಂಡಿನಂತೆ, ನಡುವೆ ಬ್ಯಾಟರಿಗೆ ಬಿಡುವು ಕೊಟ್ಟು, ಬರೀ ತಿರುಗಿಸುತ್ತಾರೆ. ಸಿಲಿಂಡರಿನಲ್ಲಿ ಬೆಂಕಿ ಇಲ್ಲ, ಹಾಗಾಗಿ ಬೇರಿಂಗಿನ ಮೇಲೆ ಹೊಡೆತವೂ ಇಲ್ಲ. ಎಣ್ಣೆ ಮಾತ್ರ ಏರುತ್ತದೆ. ಗಿಂಡಿ ದೀಪ ಆರಿದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್.

ಆ ದೀಪದ ಬಗ್ಗೆ ಒಂದು ಮಾತು. ಎಷ್ಟೋ ಜನ ಅದನ್ನು ಆಯಿಲ್ ಕಮ್ಮಿ ಆಗಿರುವ ಗುರುತು ಅಂತ ತಿಳಿದಿದ್ದಾರೆ. ಅದು ಹೇಳುವುದು ಒತ್ತಡದ ಬಗ್ಗೆ. ಸ್ಟಾರ್ಟ್ ಆಗಿ ಹತ್ತು ಸೆಕೆಂಡಾದರೂ ಆರದಿದ್ದರೆ ಎಂಜಿನ್ ಆಫ್ ಮಾಡಿ. ದಾರಿಯಲ್ಲಿ ಹೊತ್ತಿಕೊಂಡರೆ ಪಕ್ಕಕ್ಕೆ ಹಾಕಿ ಕೂಡಲೇ ಆಫ್ ಮಾಡಿ. ಮನೆ ಇಲ್ಲೇ ಎರಡು ಕಿಲೋಮೀಟರ್ ಅಂತ ಓಡಿಸಿದರೆ ಎಂಜಿನ್ ಸೀಜ್ ಆಗಲು ಅಷ್ಟು ದೂರವೇ ಸಾಕು.

ಸ್ಟಾರ್ಟ್ ಆಗುವ ಮೊದಲೇ ಎಣ್ಣೆ ಮುಟ್ಟಿಸುವ ಬೇರೆ ಪಂಪ್ ಇಡಬಹುದಲ್ವಾ? ಇಡಬಹುದು. ರೇಸ್ ಕಾರುಗಳಲ್ಲಿ ಇದೆ, ಹಡಗಿನ ದೊಡ್ಡ ಡೀಸೆಲ್‌ಗಳಲ್ಲಿ ಇದೆ. ಹತ್ತಿರದಲ್ಲೇ ನೋಡಬೇಕಾದರೆ ಹುಬ್ಬಳ್ಳಿ ಡೀಸೆಲ್ ಶೆಡ್ಡಿಗೆ ಸೇರಿದ ಡಬ್ಲ್ಯುಡಿಜಿ-4 ರೈಲ್ವೆ ಎಂಜಿನ್‌ಗಳಿವೆ. ಅವುಗಳಲ್ಲಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊಗೆ ಅಂತಲೇ ಕರೆಂಟಿನಿಂದ ಓಡುವ ಒಂದು ಆಯಿಲ್ ಪಂಪ್ ಇದೆ. ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಅದು ಟರ್ಬೊದ ಬೇರಿಂಗಿಗೆ ಎಣ್ಣೆ ಮುಟ್ಟಿಸುತ್ತದೆ. ಎಂಜಿನ್ ಆಫ್ ಆದ ಮೇಲೂ ಸುಮಾರು ಅರ್ಧ ಗಂಟೆ, ಕಾದ ಬೇರಿಂಗ್ ತಣಿಯುವವರೆಗೆ, ಆ ಪುಟ್ಟ ಪಂಪ್ ಒಂದೇ ಓಡುತ್ತಿರುತ್ತದೆ.